ಒಂದೇ ಬರಹ, ಎರಡು ಉಚ್ಚಾರ

ಕನ್ನಡದ ಅಕ್ಷರಮಾಲೆಯನ್ನೂ ಕಾಗುಣಿತವನ್ನೂ ಒಮ್ಮೆ ಕಲಿತ ಬಾಲಕನು ತಾನು ಹಿಂದೆಂದೂ ಕೇಳರಿಯದ ಪದವನ್ನು ಕೂಡ ತಪ್ಪಿಲ್ಲದೆ ಓದಬಲ್ಲನು. ಅದರ ಅರ್ಥವು ಅವನಿಗೆ ತಿಳಿಯದೆ ಇರಬಹುದು. ಉಚ್ಚಾರದಲ್ಲಿ ಮಾತ್ರ ಸಂದೇಹ ಹುಟ್ಟುವುದಿಲ್ಲ. ಬರೆದಂತೆ ಓದುವುದು ನಮಗೆ ಉಸಿರಾಟದಷ್ಟು ಸಹಜವಾಗಿರುವುದರಿಂದ ಅದೊಂದು ಸೌಕರ್ಯವೆಂದು ನಮಗೆ ತೋರುವುದೇ ಇಲ್ಲ. ಇಂಗ್ಲಿಷನ್ನು ಓದಲು ತೊಡಗಿದ ಮೇಲೆಯೇ ಆ ಸೌಕರ್ಯದ ಬೆಲೆ ನಮ್ಮ ಅರಿವಿಗೆ ಬರುವುದು.

ಎಲ್, ಇ, ಎ, ಡಿ ಎಂಬ ನಾಲ್ಕು ಅಕ್ಷರಗಳನ್ನು ತೆಗೆದುಕೊಳ್ಳೋಣ. ರಸಾಯನಶಾಸ್ತ್ರದ ಪುಸ್ತಕದಲ್ಲಿ ಇವು ಒಟ್ಟಿಗೆ ಬಂದರೆ ‘ಲೆಡ್’ ಎಂದು ಓದಬೇಕು. ಅರ್ಥ, ಸೀಸವೆಂಬ ಲೋಹ. ಚರಿತ್ರೆಯ ಪುಸ್ತಕದಲ್ಲಿ, ಸೇನೆಯನ್ನು ಮುನ್ನಡೆಸುವ ಸಂದರ್ಭದಲ್ಲಿ ಬಂದರೆ ‘ಲೀಡ್’ ಎಂದು ಓದಬೇಕು. ಎರಡು ಕಡೆಗಳಲ್ಲಿಯೂ ಅಕ್ಷರಗಳು ಅವೇ, ಅವುಗಳ ಕ್ರಮವೂ ಅದೇ. ‘ಮಾರ್ಗದರ್ಶಕನು ಅವರನ್ನು ಹಳೆಯ ಸೀಸದ ಗಣಿಗೆ ಕರೆದೊಯ್ಯುವನು’ ಎಂಬ ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆದರೆ ಈ ನಾಲ್ಕಕ್ಷರದ ಗುಂಪು ಅಲ್ಲಿ ಎರಡು ಸಲ ಬರುವುದು: ‘ದಿ ಗೈಡ್ ವಿಲ್ ಲೀಡ್ ದೆಮ್ ಟು ದಿ ಓಲ್ಡ್ ಲೆಡ್ ಮೈನ್.’ ಕಣ್ಣಿಗೆ ಒಂದೇ ಆಗಿರುವುದನ್ನು ನಾಲಗೆಯು ಒಂದು ಸಲ ದೀರ್ಘವಾಗಿಯೂ ಇನ್ನೊಂದು ಸಲ ಹ್ರಸ್ವವಾಗಿಯೂ ನುಡಿಯಬೇಕು.

ಇಂಥ ಪದಗಳನ್ನು ಭಾಷಾಶಾಸ್ತ್ರಜ್ಞರು ‘ಹೆಟರೊನಿಮ್’ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ‘ಹೆಟರೊ’ ಎಂದರೆ ಬೇರೆ, ‘ಒನಿಮ’ ಎಂದರೆ ಹೆಸರು. ನಾವು ಅವುಗಳನ್ನು ಸಮಾಕ್ಷರ ಪದಗಳೆಂದು ಕರೆಯೋಣ. ಇವುಗಳನ್ನು ಬೇರೆ ಎರಡು ಬಗೆಯ ಪದಗಳೊಡನೆ ಬೆರೆಸಬಾರದು. ಸಮುದ್ರವೆಂಬ ಅರ್ಥದ ‘ಸೀ’ ಮತ್ತು ನೋಡು ಎಂಬ ಅರ್ಥದ ‘ಸೀ’ ಕಿವಿಗೆ ಒಂದೇ, ಬರಹದಲ್ಲಿ ಬೇರೆ. ನದಿಯ ದಡವಾದ ‘ಬ್ಯಾಂಕ್’ ಮತ್ತು ಹಣವಿಡುವ ‘ಬ್ಯಾಂಕ್’ ಕಿವಿಗೂ ಒಂದೇ, ಕಣ್ಣಿಗೂ ಒಂದೇ. ನಮ್ಮ ಸಮಾಕ್ಷರ ಪದಗಳಾದರೋ ಕಣ್ಣಿಗೆ ಒಂದೇ ಆಗಿದ್ದು ಕಿವಿಗೂ ಅರ್ಥಕ್ಕೂ ಬೇರೆಯಾದುವು.

ಇಂಗ್ಲಿಷಿಗೆ ನಿಯಮವೆಂಬುದೇ ಇಲ್ಲವೆಂದು ದೂರಿ ಸುಮ್ಮನಾಗುವುದು ಸುಲಭ. ಆದರೆ ನಿಯಮವಿಲ್ಲದಂತೆ ಕಾಣುವ ಕಡೆಯಲ್ಲಿ ಕಾರಣವನ್ನು ಹುಡುಕುವುದೇ ವಿಜ್ಞಾನದ ಕೆಲಸ. ಈ ಜೋಡಿಗಳ ಹಿಂದೆಯೂ ಕಾರಣಗಳುಂಟು. ಅವು ಬೆರಳುಗಳಲ್ಲಿ ಎಣಿಸಿ ಮುಗಿಸುವಷ್ಟು ಕೆಲವೇ ಕಾರಣಗಳು. ಅವುಗಳನ್ನು ತಿಳಿದವನಿಗೆ ಪ್ರತಿಯೊಂದು ಪದವನ್ನೂ ಬೇರೆ ಬೇರೆಯಾಗಿ ಬಾಯಿಪಾಠ ಮಾಡುವ ಕಷ್ಟವು ಬಹುಮಟ್ಟಿಗೆ ತಪ್ಪುವುದು.

ಧ್ವನಿ ನಡೆಯಿತು, ಅಕ್ಷರ ನಿಂತಿತು

ಮೊದಲನೆಯ ಕಾರಣವು ಇಂಗ್ಲೆಂಡಿನ ಚರಿತ್ರೆಯಲ್ಲಿದೆ. ಕವಿ ಚಾಸರನು ಕ್ರಿ. ಶ. 1400ರಲ್ಲಿ ತೀರಿಕೊಂಡನು. ಅವನ ಕಾಲದ ಇಂಗ್ಲಿಷಿನಲ್ಲಿ ಬರಹಕ್ಕೂ ಉಚ್ಚಾರಕ್ಕೂ ಸಾಕಷ್ಟು ಹೊಂದಿಕೆಯಿದ್ದಿತು. ಇಂದು ‘ಹೌಸ್’ ಎನ್ನುವ ಪದವನ್ನು ಅವನು ‘ಹೂಸ್’ ಎನ್ನುತ್ತಿದ್ದನು. ‘ಟೈಮ್’ ಎಂಬುದು ಅವನ ಬಾಯಲ್ಲಿ ‘ಟೀಮ’. ‘ಮೂನ್’ ಎಂಬುದು ‘ಮೋನ್’. ಇಂದಿನ ‘ನೇಮ್’ ಎಂಬ ಪದವನ್ನು ಚಾಸರನು ಉಚ್ಚರಿಸುತ್ತಿದ್ದುದು ‘ನಾಮ’ ಎಂದು! ಸಂಸ್ಕೃತದಿಂದ ಕನ್ನಡಕ್ಕೆ ಬಂದ ‘ನಾಮ’ ಶಬ್ದಕ್ಕೂ ಅದಕ್ಕೂ ಇರುವ ಹೋಲಿಕೆ ಆಕಸ್ಮಿಕವಲ್ಲ. ಅವೆರಡೂ ಇಂಡೋ-ಯೂರೋಪಿಯನ್ ಮೂಲದ ಒಂದೇ ಪದದಿಂದ ಹುಟ್ಟಿದುವು.

ಚಾಸರನ ತರುವಾಯದ ಸುಮಾರು ಮುನ್ನೂರು ವರ್ಷಗಳಲ್ಲಿ ಇಂಗ್ಲಿಷಿನ ದೀರ್ಘಸ್ವರಗಳೆಲ್ಲವೂ ಸ್ಥಾನಪಲ್ಲಟವನ್ನು ಹೊಂದಿದುವು. ಬಾಯಲ್ಲಿ ನಾಲಗೆಯು ಒಂದು ಸ್ವರಕ್ಕೆ ಎಷ್ಟು ಎತ್ತರಕ್ಕೆ ಏರುತ್ತಿದ್ದಿತೋ ಅದಕ್ಕಿಂತ ಒಂದು ಮೆಟ್ಟಿಲು ಮೇಲಕ್ಕೆ ಏರಲಾರಂಭಿಸಿತು. ‘ಆ’ ಎಂಬುದು ‘ಏ’ ಆಯಿತು. ‘ಏ’ ಎಂಬುದು ‘ಈ’ ಆಯಿತು. ‘ಓ’ ಎಂಬುದು ‘ಊ’ ಆಯಿತು. ಆಗಲೇ ಅತ್ಯಂತ ಮೇಲಿದ್ದ ‘ಈ’ ಮತ್ತು ‘ಊ’ಗಳಿಗೆ ಏರಲು ಮೆಟ್ಟಿಲೇ ಇರಲಿಲ್ಲ, ಅವು ಒಡೆದು ಕ್ರಮವಾಗಿ ‘ಐ’ ಮತ್ತು ‘ಔ’ ಆದುವು. ಇದನ್ನು ಡೆನ್ಮಾರ್ಕಿನ ವಿದ್ವಾಂಸ ಆಟೋ ಯೆಸ್ಪರ್ಸನ್ ಸ್ವರಗಳ ಮಹಾಪಲ್ಲಟವೆಂದು ಕರೆದನು.

ಈ ಪಲ್ಲಟವು ನಡೆಯುತ್ತಿದ್ದಾಗಲೇ ಇಂಗ್ಲೆಂಡಿಗೆ ಮುದ್ರಣಯಂತ್ರವು ಬಂದಿತು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ತನ್ನ ಮುದ್ರಣಾಲಯವನ್ನು ತೆರೆದನು. ಕೈಬರಹದ ಕಾಲದಲ್ಲಿ ಬರೆಯುವವನು ತನ್ನ ಕಿವಿಗೆ ಕೇಳಿದಂತೆ ಬರೆಯುತ್ತಿದ್ದನು. ಧ್ವನಿಯು ಬದಲಾದರೆ ಬರಹವೂ ಮೆಲ್ಲನೆ ಬದಲಾಗುತ್ತಿದ್ದಿತು. ಅಚ್ಚಿನ ಪುಸ್ತಕಗಳು ನೂರುಗಟ್ಟಲೆ ಪ್ರತಿಗಳಲ್ಲಿ ಹರಡಿದ ಮೇಲೆ ಕಣ್ಣಿಗೆ ಒಂದು ರೂಪವು ರೂಢಿಯಾಯಿತು. ಹದಿನೇಳನೆಯ ಶತಮಾನದ ನಡುವಿನ ಹೊತ್ತಿಗೆ ಇಂಗ್ಲಿಷ್ ಬರಹದ ರೂಪವು ಬಹುಪಾಲು ನೆಲೆಗೊಂಡಿತು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನನ ನಿಘಂಟು ಅದಕ್ಕೆ ಮುದ್ರೆಯನ್ನೊತ್ತಿತು. ಹೀಗೆ ನಾಲಗೆಯು ಮುಂದೆ ನಡೆಯಿತು, ಅಕ್ಷರವು ಹಿಂದೆಯೇ ನಿಂತಿತು.

ಈಗ ‘ಲೆಡ್’ ಮತ್ತು ‘ಲೀಡ್’ಗಳಿಗೆ ಹಿಂದಿರುಗೋಣ. ಚಾಸರನ ಕಾಲದಲ್ಲಿ ಲೋಹದ ಹೆಸರು ‘ಲೇಡ್’ ಎಂಬಂತೆ ಇದ್ದಿತು. ಮುನ್ನಡೆಸು ಎಂಬ ಕ್ರಿಯಾಪದದಲ್ಲಿಯೂ ಅದೇ ‘ಏ’ ಸ್ವರವಿದ್ದಿತು. ಒಂದೇ ಸ್ವರವಾದುದರಿಂದ ಎರಡಕ್ಕೂ ಇ, ಎ ಎಂಬ ಒಂದೇ ಜೋಡಿ ಅಕ್ಷರವನ್ನು ಬಳಸಿದುದು ನ್ಯಾಯವೇ ಆಗಿದ್ದಿತು. ಬಳಿಕ ಕ್ರಿಯಾಪದದ ಸ್ವರವು ದೀರ್ಘವಾಗಿಯೇ ಉಳಿದು ಮಹಾಪಲ್ಲಟಕ್ಕೆ ಸಿಕ್ಕಿ ‘ಈ’ ಆಯಿತು. ಲೋಹದ ಹೆಸರಿನಲ್ಲಿ ಅದು ‘ಡ್’ ಎಂಬ ವ್ಯಂಜನದ ಮುಂದೆ ಹ್ರಸ್ವವಾಗಿ ‘ಎ’ ಆಯಿತು. ‘ಹೆಡ್’, ‘ಬ್ರೆಡ್’, ‘ಡೆಡ್’ ಎಂಬ ಪದಗಳಲ್ಲಿಯೂ ಇದೇ ನಡೆಯಿತು. ಹ್ರಸ್ವವಾದುದು ಏರಲಿಲ್ಲ, ದೀರ್ಘವಾದುದು ಏರಿತು. ಬರಹವು ಮಾತ್ರ ಇಬ್ಬರೂ ಒಂದೇ ಮನೆಯಲ್ಲಿದ್ದ ಕಾಲದ ವಿಳಾಸವನ್ನೇ ಇಂದಿಗೂ ತೋರಿಸುತ್ತಿದೆ.

ಗಾಳಿ ಎಂಬ ಅರ್ಥದ ‘ವಿಂಡ್’ ಮತ್ತು ಸುತ್ತು ಎಂಬ ಅರ್ಥದ ‘ವೈಂಡ್’ ಪದಗಳ ಕಥೆಯು ಇನ್ನೂ ಸ್ವಾರಸ್ಯವಾದುದು. ಹಳೆಯ ಇಂಗ್ಲಿಷಿನಲ್ಲಿ ಎರಡರಲ್ಲಿಯೂ ಹ್ರಸ್ವ ‘ಇ’ ಇದ್ದಿತು. ಎನ್, ಡಿ ಎಂಬ ವ್ಯಂಜನಗಳ ಮುಂದಿನ ಹ್ರಸ್ವ ‘ಇ’ಯು ಕಾಲಕ್ರಮದಲ್ಲಿ ದೀರ್ಘವಾಯಿತು, ದೀರ್ಘವಾದುದು ಪಲ್ಲಟದಲ್ಲಿ ‘ಐ’ ಆಯಿತು. ‘ಮೈಂಡ್’, ‘ಫೈಂಡ್’, ‘ಕೈಂಡ್’ ಎಂಬುವು ಹೀಗೆಯೇ ಆದುವು. ಗಾಳಿಯೂ ‘ವೈಂಡ್’ ಆಗಬೇಕಾಗಿದ್ದಿತು; ಕವಿಗಳು ಹದಿನೆಂಟನೆಯ ಶತಮಾನದಲ್ಲಿಯೂ ಅದನ್ನು ‘ಮೈಂಡ್’ ಎಂಬುದಕ್ಕೆ ಪ್ರಾಸವಾಗಿ ಬಳಸುತ್ತಿದ್ದರು. ಆದರೆ ಗಾಳಿಯಂತ್ರವೆಂಬ ಅರ್ಥದ ‘ವಿಂಡ್‌ಮಿಲ್’, ಗಾಳಿ ಬೀಸುವ ಎಂಬ ಅರ್ಥದ ‘ವಿಂಡಿ’ ಮೊದಲಾದ ಪದಗಳಲ್ಲಿ ಸ್ವರವು ಹ್ರಸ್ವವಾಗಿದ್ದಿತು. ಅವುಗಳ ಸಹವಾಸದಿಂದ ಆಡುಮಾತಿನಲ್ಲಿ ಗಾಳಿಯೂ ‘ವಿಂಡ್’ ಆಯಿತು.

ಇದರ ನೆರೆಯಲ್ಲಿಯೇ ಇನ್ನೊಂದು ಜೋಡಿಯಿದೆ. ಸುತ್ತಿದನು ಎಂಬ ಭೂತಕಾಲದ ರೂಪವು ‘ವೌಂಡ್’. ಗಾಯವೆಂಬ ನಾಮಪದವು ‘ವೂಂಡ್’. ಒಂದರಲ್ಲಿ ‘ಊ’ ಎಂಬುದು ‘ಬೌಂಡ್’, ‘ಫೌಂಡ್’ ಎಂಬ ತನ್ನ ಜೊತೆಗಾರರಂತೆ ‘ಔ’ ಆಯಿತು. ಇನ್ನೊಂದರಲ್ಲಿ ಹಳೆಯ ‘ಊ’ ಹಾಗೆಯೇ ಉಳಿಯಿತು. ತುಟಿಗಳನ್ನು ದುಂಡಗೆ ಮಾಡಿ ನುಡಿಯಬೇಕಾದ ‘ವ’ ಧ್ವನಿಯ ನೆರೆಯೇ ಅದನ್ನು ಕದಲಗೊಡಲಿಲ್ಲವೆಂದು ವಿದ್ವಾಂಸರು ವಿವರಿಸುತ್ತಾರೆ.

ಬೇರೆ ಬೇರೆ ಊರು, ಒಂದೇ ಉಡುಪು

ಕೆಲವು ಜೋಡಿಗಳಲ್ಲಿ ಎರಡು ಪದಗಳಿಗೂ ಮೂಲದಲ್ಲಿ ಯಾವ ನಂಟೂ ಇಲ್ಲ. ಬಿಲ್ಲು ಎಂಬ ಅರ್ಥದ ‘ಬೋ’ ಹಳೆಯ ಇಂಗ್ಲಿಷಿನಲ್ಲಿ ‘ಬೊಗ’ ಎಂದಿದ್ದಿತು; ಹಡಗಿನ ಮುಂಭಾಗವೆಂಬ ಅರ್ಥದ ‘ಬೌ’ ಸಮುದ್ರದಾಚೆಯ ಡಚ್ಚರ ಮತ್ತು ಉತ್ತರ ಜರ್ಮನಿಯವರ ನಾವಿಕರ ಮಾತಿನಿಂದ ಬಂದಿತು. ಬಿತ್ತು ಎಂಬ ಅರ್ಥದ ‘ಸೋ’ ಹಿಂದೆ ‘ಸಾವನ್’ ಎಂದಿದ್ದಿತು. ಹೆಣ್ಣು ಹಂದಿಯಾದ ‘ಸೌ’ ಹಿಂದೆ ‘ಸುಗು’ ಎಂದಿದ್ದಿತು. ಸಂಗೀತದ ಮಂದ್ರಸ್ವರವಾದ ‘ಬೇಸ್’ ಇಟಲಿಯ ‘ಬಾಸ್ಸೊ’ ಎಂಬ ಪದದ ಪ್ರಭಾವದಿಂದ ತನ್ನ ಈಗಿನ ಬರಹವನ್ನು ಪಡೆಯಿತು. ಅದೇ ಅಕ್ಷರಗಳುಳ್ಳ ‘ಬ್ಯಾಸ್’ ಎಂಬ ಮೀನಿನ ಹೆಸರು ಹಳೆಯ ಇಂಗ್ಲಿಷಿನದು. ಅದರ ನಡುವೆ ಇದ್ದ ‘ರ್’ ಧ್ವನಿಯು ಕಾಲಕ್ರಮದಲ್ಲಿ ಬಿದ್ದುಹೋಯಿತು. ಬೇರೆ ಬೇರೆ ಊರಿನ ಇಬ್ಬರು ಜಾತ್ರೆಯಲ್ಲಿ ಒಂದೇ ಬಗೆಯ ಉಡುಪನ್ನು ತೊಟ್ಟು ಎದುರಾದಂತೆ ಈ ಪದಗಳು ಅಚ್ಚಿನ ಪುಟದಲ್ಲಿ ಎದುರಾಗುತ್ತವೆ.

ಇದಕ್ಕೆ ವಿರುದ್ಧವಾಗಿ ಒಂದೇ ಪದವು ಎರಡು ಬಾಗಿಲುಗಳಿಂದ ಒಳಗೆ ಬಂದುದೂ ಉಂಟು. ಗಂಟೆಯ ಅರುವತ್ತನೆಯ ಭಾಗವು ‘ಮಿನಿಟ್’. ಅತಿ ಸೂಕ್ಷ್ಮವಾದ ಎಂಬ ಅರ್ಥದ ವಿಶೇಷಣವು ‘ಮೈನ್ಯೂಟ್’. ಎರಡೂ ಲ್ಯಾಟಿನ್ ಭಾಷೆಯ ‘ಮಿನೂಟುಸ್’, ಎಂದರೆ ಚಿಕ್ಕದು ಎಂಬ ಪದದಿಂದಲೇ ಹುಟ್ಟಿದುವು. ಮಧ್ಯಯುಗದ ಗಣಿತಜ್ಞರು ಒಂದು ಮಾನವನ್ನು ಅರುವತ್ತು ಭಾಗ ಮಾಡಿ ಅವುಗಳಲ್ಲೊಂದನ್ನು ‘ಮೊದಲನೆಯ ಚಿಕ್ಕ ಭಾಗ’ ಎಂದರು. ಅದನ್ನು ಮತ್ತೆ ಅರುವತ್ತು ಭಾಗ ಮಾಡಿ ‘ಎರಡನೆಯ ಚಿಕ್ಕ ಭಾಗ’ ಎಂದರು. ಮೊದಲನೆಯದರಿಂದ ‘ಚಿಕ್ಕ’ ಎಂಬ ಮಾತು ಉಳಿದು ಮಿನಿಟ್ ಆಯಿತು. ಎರಡನೆಯದರಿಂದ ‘ಎರಡನೆಯ’ ಎಂಬ ಮಾತು ಉಳಿದು ಸೆಕೆಂಡ್ ಆಯಿತು. ಕಾಲಮಾನದ ಪದವು ಫ್ರೆಂಚರ ಮೂಲಕ ಮೊದಲೇ ಬಂದು ಜನರ ಬಾಯಲ್ಲಿ ಸವೆದು ಮೊಟಕಾಯಿತು. ವಿಶೇಷಣವನ್ನು ವಿದ್ವಾಂಸರು ಬಳಿಕ ನೇರವಾಗಿ ಲ್ಯಾಟಿನಿನಿಂದ ತಂದುದರಿಂದ ಅದು ತನ್ನ ಪೂರ್ಣವಾದ ಸ್ವರಗಳನ್ನು ಉಳಿಸಿಕೊಂಡಿತು.

ಪ್ರತ್ಯಯಗಳು ಸೇರುವಾಗ ಅಕ್ಷರಗಳು ಆಕಸ್ಮಿಕವಾಗಿ ಒಂದಾಗುವುದೂ ಉಂಟು. ಕೊಡಲಿಗೆ ಇಂಗ್ಲಿಷಿನಲ್ಲಿ ‘ಆಕ್ಸ್’, ಅಕ್ಷಕ್ಕೆ ‘ಆಕ್ಸಿಸ್’ ಎಂದು ಹೆಸರು. ಎರಡರ ಬಹುವಚನಗಳೂ ಬರಹದಲ್ಲಿ ಒಂದೇ; ಕೊಡಲಿಗಳಾದರೆ ಕೊನೆಯ ಸ್ವರವು ಹ್ರಸ್ವ, ರೇಖಾಗಣಿತದ ಅಕ್ಷಗಳಾದರೆ ದೀರ್ಘ. ವಿಜ್ಞಾನದ ವಿದ್ಯಾರ್ಥಿಗಳಿಗೆ ಇನ್ನೊಂದು ವಿನೋದದ ಉದಾಹರಣೆಯನ್ನು ಹೇಳಬಹುದು. ಕಾರ್ಮಿಕ ಸಂಘಕ್ಕೆ ಸೇರಿದ ಎಂಬ ಅರ್ಥದಲ್ಲಿ ‘ಯೂನಿಯನೈಸ್ಡ್’ ಎನ್ನುವ ಪದವನ್ನೇ ರಸಾಯನ ವಿಜ್ಞಾನಿಯು ‘ಅನ್-ಅಯೊನೈಸ್ಡ್’, ಎಂದರೆ ಅಯಾನುಗಳಾಗಿ ಒಡೆಯದ, ಎಂದು ಓದುತ್ತಾನೆ. ಈ ಒಂದು ಪದವನ್ನು ಓದಿಸಿದರೆ ಸಾಕು, ಓದಿದವನು ರಸಾಯನ ವಿಜ್ಞಾನಿಯೋ ಅಲ್ಲವೋ ಗೊತ್ತಾಗುವುದೆಂದು ಲೇಖಕ ಐಸಾಕ್ ಅಸಿಮೋವ್ ತಮಾಷೆ ಮಾಡಿದ್ದುಂಟು.

ಒತ್ತು ಬಿದ್ದ ಕಡೆ ಅರ್ಥ

ಇದುವರೆಗೆ ಕಂಡ ಜೋಡಿಗಳನ್ನು ಒಂದೊಂದಾಗಿಯೇ ಅರಿಯಬೇಕು. ಮುಂದೆ ಹೇಳುವ ಗುಂಪಿನಲ್ಲಿ ಪದಗಳು ಬಹಳ; ಆದರೆ ಒಂದೇ ಸೂತ್ರವು ಬಹುತೇಕ ಎಲ್ಲವನ್ನೂ ಆಳುವುದು.

ಕನ್ನಡದಲ್ಲಿ ಅರ್ಥವನ್ನು ಬೇರ್ಪಡಿಸುವುದು ಸ್ವರದ ಹ್ರಸ್ವ-ದೀರ್ಘ ಭೇದ. ‘ಬಲ’ ಬೇರೆ, ‘ಬಾಲ’ ಬೇರೆ. ಇಂಗ್ಲಿಷಿನಲ್ಲಿ ಇದರ ಜೊತೆಗೆ ಇನ್ನೊಂದು ಸಾಧನವಿದೆ, ಅದು ಒತ್ತು. ಪದದ ಒಂದು ಭಾಗವನ್ನು ಹೆಚ್ಚು ಬಲವಾಗಿ ನುಡಿದು ಉಳಿದುದನ್ನು ತೇಲಿಸುವುದು ಆ ಭಾಷೆಯ ಸ್ವಭಾವ. ಒತ್ತು ಬಿದ್ದ ಸ್ವರವು ಸ್ಪಷ್ಟವಾಗಿ ಕೇಳುವುದು; ಒತ್ತಿಲ್ಲದ ಸ್ವರವು ಮಸುಕಾಗಿ ‘ಅ’ ಅಥವಾ ‘ಇ’ಯಂತೆ ಕುಗ್ಗುವುದು. ಆದುದರಿಂದ ಒತ್ತು ಸ್ಥಳ ಬದಲಿಸಿದರೆ ಸ್ವರಗಳೂ ಬದಲಾದಂತೆ ಕೇಳಿಸುವುವು.

ದಾಖಲೆ ಎಂಬ ನಾಮಪದದಲ್ಲಿ ಒತ್ತು ಮೊದಲ ಭಾಗದ ಮೇಲೆ: ‘ರೆಕರ್ಡ್’. ದಾಖಲಿಸು ಎಂಬ ಕ್ರಿಯಾಪದದಲ್ಲಿ ಎರಡನೆಯ ಭಾಗದ ಮೇಲೆ: ‘ರಿಕಾರ್ಡ್’. ವಸ್ತುವೆಂಬ ಅರ್ಥದಲ್ಲಿ ‘ಆಬ್ಜೆಕ್ಟ್’ ಪದದ ಮೊದಲ ಭಾಗಕ್ಕೆ ಒತ್ತು. ಆಕ್ಷೇಪಿಸು ಎಂಬ ಅರ್ಥದಲ್ಲಿ ಎರಡನೆಯ ಭಾಗಕ್ಕೆ. ಕಾಣಿಕೆ ಎಂಬ ಅರ್ಥದ ‘ಪ್ರೆಜೆಂಟ್’, ಒಪ್ಪಿಸು ಎಂಬ ಅರ್ಥದ ‘ಪ್ರಿಜೆಂಟ್’. ಮರುಭೂಮಿಯಾದ ‘ಡೆಜರ್ಟ್’, ತೊರೆದು ಹೋಗು ಎಂಬ ‘ಡಿಜರ್ಟ್’—ಎಲ್ಲವೂ ಇದೇ ಮಾದರಿ. ಸೂತ್ರವು ಸರಳವಾದುದು: ನಾಮಪದವಾದರೆ ಒತ್ತು ಮುಂದೆ, ಕ್ರಿಯಾಪದವಾದರೆ ಹಿಂದೆ.

ಈ ವರ್ಗವು ಭಾಷೆಯಲ್ಲಿ ಬೆಳೆದುಬಂದ ಬಗೆಯನ್ನು ಹಳೆಯ ನಿಘಂಟುಗಳ ನೆರವಿನಿಂದ ಅಳೆದಿದ್ದಾರೆ. ಪೀಟರ್ ಲೆವಿನ್ಸ್ ಎಂಬವನು 1570ರಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ ಒತ್ತಿನ ಇಂಥ ಭೇದವುಳ್ಳ ಪದಗಳು ಮೂರೇ: ‘ಔಟ್‌ಲಾ’, ‘ರೆಬೆಲ್’ ಮತ್ತು ‘ರೆಕರ್ಡ್’. 1660ರ ಹೊತ್ತಿಗೆ ಅವು 24 ಆದುವು. 1800ರ ಹೊತ್ತಿಗೆ 70. 1934ರಲ್ಲಿ ಎಣಿಸಿದಾಗ 150. ಯಾರೂ ಕಾನೂನು ಮಾಡಲಿಲ್ಲ, ಯಾವ ಪಂಡಿತಸಭೆಯೂ ಅಪ್ಪಣೆ ಕೊಡಲಿಲ್ಲ. ಮೂರು ಪದಗಳಲ್ಲಿದ್ದ ಮಾದರಿಯನ್ನು ಜನರು ತಮಗೆ ತಿಳಿಯದೆಯೇ ನಾಲ್ಕನೆಯದಕ್ಕೆ, ಐದನೆಯದಕ್ಕೆ ಅನ್ವಯಿಸುತ್ತ ಹೋದರು. ಸೂತ್ರವು ಇಂದಿಗೂ ಎಲ್ಲ ಪದಗಳನ್ನೂ ತಲಪಿಲ್ಲ. ‘ರಿಪೋರ್ಟ್’ ಮತ್ತು ‘ಕಂಟ್ರೋಲ್’ ಪದಗಳಲ್ಲಿ ಒತ್ತು ಯಾವಾಗಲೂ ಹಿಂದೆಯೇ. ‘ಆನ್ಸರ್’ ಮತ್ತು ‘ವಿಸಿಟ್’ ಪದಗಳಲ್ಲಿ ಯಾವಾಗಲೂ ಮುಂದೆಯೇ. ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಪದದ ಕೊನೆಯಲ್ಲಿ ಅಡಗಿದ ಭೇದ

ಇನ್ನು ಮೂರು ಚಿಕ್ಕ ಸೂತ್ರಗಳುಂಟು. ಮೊದಲನೆಯದು ‘ಯೂಸ್’ ಎಂಬಂಥ ಪದಗಳದು. ಉಪಯೋಗವೆಂಬ ನಾಮಪದವು ‘ಸ್’ ಧ್ವನಿಯಿಂದ ಮುಗಿಯುವುದು. ಉಪಯೋಗಿಸು ಎಂಬ ಕ್ರಿಯಾಪದವು ಜೇನ್ನೊಣದ ಝೇಂಕಾರದಂಥ ‘ಜ಼್’ ಧ್ವನಿಯಿಂದ ಮುಗಿಯುವುದು. ‘ಹೌಸ್’, ‘ಎಕ್ಸ್‌ಕ್ಯೂಸ್’, ‘ಅಬ್ಯೂಸ್’ ಎಂಬುವುಗಳಲ್ಲಿಯೂ ಹೀಗೆಯೇ. ಹಿಂದೆ ಕ್ರಿಯಾಪದದ ಕೊನೆಗೆ ಒಂದು ಸ್ವರವು ಸೇರುತ್ತಿದ್ದಿತು. ಎರಡು ಸ್ವರಗಳ ನಡುವೆ ಸಿಕ್ಕಿದ ‘ಸ್’ ಧ್ವನಿಯು ಮೃದುವಾಗಿ ‘ಜ಼್’ ಆಯಿತು. ಕೊನೆಯ ಸ್ವರವು ಕಾಲಾಂತರದಲ್ಲಿ ಬಿದ್ದುಹೋಯಿತು. ಅದು ಮಾಡಿದ ಬದಲಾವಣೆಯು ಉಳಿಯಿತು.

ಎರಡನೆಯದು ಎ, ಟಿ, ಇ ಎಂಬ ಅಕ್ಷರಗಳಿಂದ ಮುಗಿಯುವ ಪದಗಳದು. ಬೇರ್ಪಡಿಸು ಎಂಬ ಕ್ರಿಯಾಪದವು ‘ಸೆಪರೇಟ್’; ಬೇರೆಯಾದ ಎಂಬ ವಿಶೇಷಣವು ‘ಸೆಪ್ರಟ್’. ಅಂದಾಜು ಮಾಡು ಎಂಬುದು ‘ಎಸ್ಟಿಮೇಟ್’. ಅಂದಾಜು ಎಂಬ ನಾಮಪದವು ‘ಎಸ್ಟಿಮಟ್’. ಕ್ರಿಯಾಪದದಲ್ಲಿ ಕೊನೆಯ ಸ್ವರವು ಪೂರ್ಣವಾಗಿ ಕೇಳುವುದು. ಇತರ ಕಡೆ ಕುಗ್ಗುವುದು. ಪದವೀಧರನೆಂಬ ಅರ್ಥದ ‘ಗ್ರ್ಯಾಜುಅಟ್’ ಎಂಬ ಪದವನ್ನು ನಮ್ಮಲ್ಲಿ ಅನೇಕರು ‘ಗ್ರ್ಯಾಜುಯೇಟ್’ ಎನ್ನುವುದು ವಾಡಿಕೆ. ಇಂಗ್ಲಿಷರ ಬಾಯಲ್ಲಿ ಅದು ಪದವಿ ಪಡೆ ಎಂಬ ಕ್ರಿಯಾಪದ.

ಮೂರನೆಯದು ಓದು ಎಂಬ ಅರ್ಥದ ‘ರೀಡ್’ ಪದ. ಅದರ ಭೂತಕಾಲವು ಬರಹದಲ್ಲಿ ಅದೇ, ಉಚ್ಚಾರದಲ್ಲಿ ‘ರೆಡ್’. ಹಳೆಯ ಇಂಗ್ಲಿಷಿನಲ್ಲಿ ಭೂತಕಾಲದ ಪ್ರತ್ಯಯವು ಸೇರಿದಾಗ ‘ಡ್’ ವ್ಯಂಜನವು ಇಮ್ಮಡಿಯಾಗುತ್ತಿದ್ದಿತು. ಇಮ್ಮಡಿ ವ್ಯಂಜನದ ಹಿಂದಿನ ದೀರ್ಘಸ್ವರವು ಹ್ರಸ್ವವಾಗುತ್ತಿದ್ದಿತು. ಮುನ್ನಡೆಸು ಎಂಬ ‘ಲೀಡ್’ ಪದದಲ್ಲಿಯೂ ಇದೇ ನಡೆದು ಭೂತಕಾಲವು ‘ಲೆಡ್’ ಆಯಿತು. ಆದರೆ ಅಲ್ಲಿ ಬರಹವನ್ನೂ ಬದಲಿಸಿ ‘ಎ’ ಅಕ್ಷರವನ್ನು ಬಿಟ್ಟು ಎಲ್, ಇ, ಡಿ ಎಂದು ಬರೆಯುತ್ತಾರೆ. ‘ರೀಡ್’ ಪದಕ್ಕೆ ಆ ಭಾಗ್ಯವಿಲ್ಲ. ವಿದ್ಯಾರ್ಥಿಗಳು ಮುನ್ನಡೆಸಿದನು ಎಂದು ಬರೆಯಹೋಗಿ ಸೀಸವನ್ನು ಬರೆದುಬಿಡುವುದು ಈ ಎರಡು ಪದಗಳ ಅಸಮಾನ ನಡತೆಯಿಂದಲೇ.

ಕನ್ನಡವು ಹಿಡಿದ ದಾರಿ

ಧ್ವನಿಗಳು ಬದಲಾಗುವುದು ಇಂಗ್ಲಿಷಿಗೆ ಮಾತ್ರ ಬಂದ ಪಾಡಲ್ಲ, ಕನ್ನಡದಲ್ಲಿಯೂ ಬದಲಾಗಿವೆ. ಹಳಗನ್ನಡದಲ್ಲಿ ‘ರ’ಕಾರವಲ್ಲದೆ ‘ಱ’ ಎಂಬ ಶಕಟರೇಫವೂ, ‘ಳ’ಕಾರವಲ್ಲದೆ ‘ೞ’ ಎಂಬ ಅಕ್ಷರವೂ ಇದ್ದುವು. ‘ಅಱಿ’ ಎಂದರೆ ತಿಳಿ. ‘ಅರಿ’ ಎಂದರೆ ಕತ್ತರಿಸು. ‘ಆಳ್’ ಎಂದರೆ ಆಳ್ವಿಕೆ ನಡೆಸು. ‘ಆೞ್’ ಎಂದರೆ ಮುಳುಗು. ಜನರ ಬಾಯಲ್ಲಿ ಈ ಧ್ವನಿಗಳ ಭೇದವು ಅಳಿಸುತ್ತ ಬಂದಿತು. ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ‘ೞ’ಕಾರದ ವಿಷಯವನ್ನು ವಿಶೇಷವಾಗಿ ಚರ್ಚಿಸಿರುವನು. ಮುಂದೆ ಭೇದವು ಪೂರ್ಣವಾಗಿ ಹೋದಾಗ ಕನ್ನಡಿಗರು ಆ ಅಕ್ಷರಗಳನ್ನೂ ಬಿಟ್ಟುಕೊಟ್ಟರು.

ಇಲ್ಲಿ ಎರಡು ಭಾಷೆಗಳ ದಾರಿಗಳು ಬೇರೆಯಾಗುತ್ತವೆ. ಕನ್ನಡದಲ್ಲಿ ಬರಹವು ಧ್ವನಿಯ ಬೆನ್ನು ಹಿಡಿದು ನಡೆಯಿತು. ಆದುದರಿಂದ ನಮ್ಮಲ್ಲಿ ‘ಅರಿ’ ಎಂಬುದು ಈಗ ಬರಹದಲ್ಲಿಯೂ ಒಂದೇ, ಉಚ್ಚಾರದಲ್ಲಿಯೂ ಒಂದೇ; ಓದುವುದು ಸುಲಭ, ಅರ್ಥವನ್ನು ಮಾತ್ರ ಸಂದರ್ಭದಿಂದ ಅರಿಯಬೇಕು. ಇಂಗ್ಲಿಷಿನಲ್ಲಿ ಬರಹವು ನಿಂತಲ್ಲಿಯೇ ನಿಂತಿತು; ಅಲ್ಲಿ ಅರ್ಥವನ್ನು ಅರಿತ ಮೇಲೆಯೇ ಉಚ್ಚಾರವು ದೊರೆಯುವುದು.

ಓದುವ ಯಂತ್ರದ ಕಷ್ಟ

ಅರ್ಥವಾದ ಮೇಲೆ ಉಚ್ಚಾರ ಎಂಬ ಈ ತಿರುವುಮುರುವು ನಮಗೆ ಸಾಮಾನ್ಯವಾಗಿ ತೊಡಕಾಗಿ ತೋರದು. ಗಟ್ಟಿಯಾಗಿ ಓದುವಾಗ ಪಳಗಿದ ಓದುಗನ ಕಣ್ಣು ಅವನ ಧ್ವನಿಗಿಂತ ಕೆಲವು ಪದಗಳಷ್ಟು ಮುಂದೆ ಇರುವುದು. ನಾಲಗೆಯು ಪದವನ್ನು ಮುಟ್ಟುವ ಮೊದಲೇ ಕಣ್ಣು ಮುಂದಿನ ಪದಗಳನ್ನು ಕಂಡು ಅರ್ಥವನ್ನು ಮಿದುಳಿಗೆ ಒಪ್ಪಿಸಿರುವುದು. ಆದರೆ ಅರ್ಥವನ್ನು ಅರಿಯದ ಯಂತ್ರವು ಓದಬೇಕಾದಾಗ ಏನಾಗುವುದು?

ಅಮೆರಿಕದ ರೇಮಂಡ್ ಕರ್ಜ್‌ವೈಲ್ 1976ರಲ್ಲಿ ಅಂಧರಿಗಾಗಿ ಒಂದು ಓದುವ ಯಂತ್ರವನ್ನು ಹೊರತಂದನು. ಅದು ಅಚ್ಚಿನ ಪುಟವನ್ನು ಬೆಳಕಿನಿಂದ ನೋಡಿ, ಅಕ್ಷರಗಳನ್ನು ಗುರುತಿಸಿ, ಕೃತಕ ಧ್ವನಿಯಲ್ಲಿ ಓದುತ್ತಿದ್ದಿತು. ಇಂದು ಕೈಯಲ್ಲಿ ಹಿಡಿಯುವ ದೂರವಾಣಿಯೂ ಈ ಕೆಲಸವನ್ನು ಮಾಡುತ್ತದೆ. ದೃಷ್ಟಿಯಿಲ್ಲದ ಲಕ್ಷಾಂತರ ವಿದ್ಯಾರ್ಥಿಗಳು ತಮ್ಮ ಪಾಠಗಳನ್ನು ಇಂಥ ಧ್ವನಿಯಿಂದಲೇ ಕೇಳಿ ಕಲಿಯುತ್ತಿದ್ದಾರೆ. ಯಂತ್ರವು ‘ಲೆಡ್ ನೈಟ್ರೇಟ್’ ಎನ್ನುವ ಬದಲು ‘ಲೀಡ್ ನೈಟ್ರೇಟ್’ ಎಂದರೆ, ಕಣ್ಣುಳ್ಳವನು ಪುಟವನ್ನು ನೋಡಿ ತಿದ್ದಿಕೊಂಡಾನು. ಕೇಳಿಯೇ ಕಲಿಯುವವನಿಗೆ ತಿದ್ದಿಕೊಳ್ಳಲು ಪುಟವೆಲ್ಲಿದೆ? ಔಷಧದ ‘ಮೈನ್ಯೂಟ್’ ಪ್ರಮಾಣವನ್ನು ಅದು ‘ಮಿನಿಟ್’ ಎಂದು ಓದಿದರೆ ಸೂಕ್ಷ್ಮವೆಂಬ ಎಚ್ಚರಿಕೆಯೇ ಮಾಯವಾಗುವುದು.

ಎಂಜಿನಿಯರರು ಮೊದಲು ವ್ಯಾಕರಣದ ನೆರವನ್ನು ಪಡೆದರು. ಹಿಂದೆ ‘ದಿ’ ಅಥವಾ ‘ಎ’ ಇದ್ದರೆ ಮುಂದಿನದು ನಾಮಪದವಾಗಿರುವ ಸಂಭವ ಹೆಚ್ಚು. ‘ಟು’ ಅಥವಾ ‘ವಿಲ್’ ಇದ್ದರೆ ಕ್ರಿಯಾಪದವಾಗಿರುವ ಸಂಭವ ಹೆಚ್ಚು. ಇಷ್ಟರಿಂದ ಒತ್ತಿನ ಸೂತ್ರಕ್ಕೆ ಒಳಪಟ್ಟ ಪದಗಳೂ ‘ಯೂಸ್’ ಮೊದಲಾದುವೂ ಬಹುಪಾಲು ಬಗೆಹರಿದುವು. ‘ಬೇಸ್’ ಮತ್ತು ‘ಬ್ಯಾಸ್’ ಎಂಬುವು ಎರಡೂ ನಾಮಪದಗಳೇ. ಅಲ್ಲಿ ವ್ಯಾಕರಣವು ಕೈಕೊಡುವುದು. 1990ರ ದಶಕದಲ್ಲಿ ಡೇವಿಡ್ ಯರೋಸ್ಕಿ ಮೊದಲಾದ ಸಂಶೋಧಕರು ನೆರೆಯ ಪದಗಳನ್ನು ಎಣಿಸುವ ಉಪಾಯವನ್ನು ಬೆಳೆಸಿದರು. ಅಪಾರವಾದ ಬರಹರಾಶಿಯನ್ನು ಪರೀಕ್ಷಿಸಿ, ಸುತ್ತಮುತ್ತ ಬಲೆ, ನದಿ, ಗಾಳ ಎಂಬ ಪದಗಳಿದ್ದರೆ ಮೀನೆಂದೂ, ಗಿಟಾರು, ಡೋಲು, ಗಾಯಕ ಎಂಬ ಪದಗಳಿದ್ದರೆ ಮಂದ್ರಸ್ವರವೆಂದೂ ಯಂತ್ರವು ತೀರ್ಮಾನಿಸುವುದು. ಇಂದಿನ ಯಂತ್ರಗಳು ಇಡೀ ವಾಕ್ಯವನ್ನೇ ಒಟ್ಟಾಗಿ ತೂಗಿ ನೋಡುತ್ತವೆ. ಅವುಗಳ ತಪ್ಪುಗಳು ಬಹಳ ಕಡಮೆಯಾಗಿವೆ, ಇಲ್ಲವಾಗಿಲ್ಲ. ಕೆಲವು ವಾಕ್ಯಗಳು ಮನುಷ್ಯನಿಗೂ ಬಗೆಹರಿಯವು. ‘ಅವರು ಪತ್ರಿಕೆಯನ್ನು ಓದುತ್ತಾರೆ’ ಎಂಬುದೂ ‘ಅವರು ಪತ್ರಿಕೆಯನ್ನು ಓದಿದರು’ ಎಂಬುದೂ ಇಂಗ್ಲಿಷ್ ಬರಹದಲ್ಲಿ ಅಕ್ಷರಶಃ ಒಂದೇ. ‘ನಿನ್ನೆ’ ಎಂಬಂಥ ಇನ್ನೊಂದು ಪದ ದೊರೆಯುವವರೆಗೆ ‘ರೀಡ್’ ಎನ್ನಬೇಕೋ ‘ರೆಡ್’ ಎನ್ನಬೇಕೋ ಯಾರೂ ಹೇಳಲಾರರು.

ಬರಹವನ್ನೇ ಬದಲಿಸಬಾರದೆ?

ಇಷ್ಟು ತೊಡಕಿರುವಾಗ ಬರಹವನ್ನೇ ತಿದ್ದಬಾರದೇಕೆ ಎಂದು ಓದುಗರು ಕೇಳಬಹುದು. ಅನೇಕರು ಕೇಳಿದ್ದಾರೆ. ನಾಟಕಕಾರ ಜಾರ್ಜ್ ಬರ್ನಾರ್ಡ್ ಷಾ 1950ರಲ್ಲಿ ತೀರಿಕೊಂಡಾಗ, ಇಂಗ್ಲಿಷಿಗೆ ಧ್ವನಿಗನುಗುಣವಾದ ಹೊಸ ಅಕ್ಷರಮಾಲೆಯನ್ನು ರಚಿಸಬೇಕೆಂದು ತನ್ನ ಮರಣಶಾಸನದಲ್ಲಿ ಹಣವನ್ನು ಮೀಸಲಿಟ್ಟಿದ್ದನು. ಅಕ್ಷರಮಾಲೆಯು ಸಿದ್ಧವಾಯಿತು, ಅವನದೇ ಒಂದು ನಾಟಕವು 1962ರಲ್ಲಿ ಅದರಲ್ಲಿ ಅಚ್ಚಾಯಿತು. ಆದರೆ ಜನರು ಅದನ್ನು ಬಳಕೆಗೆ ತರಲಿಲ್ಲ.

ಜನರ ಸೋಮಾರಿತನವೊಂದೇ ಅದಕ್ಕೆ ಕಾರಣವಲ್ಲ. ಧ್ವನಿಯಂತೆ ಬರೆಯಬೇಕೆಂದರೆ ಯಾರ ಧ್ವನಿಯಂತೆ? ಲಂಡನ್ನಿನವರದೊಂದು ಉಚ್ಚಾರ, ಸ್ಕಾಟ್ಲೆಂಡ್, ಅಮೆರಿಕ, ಭಾರತಗಳವರದು ಬೇರೆ ಬೇರೆ. ಅಕ್ಷರವು ನಿಂತಲ್ಲಿಯೇ ನಿಂತಿರುವುದರಿಂದ ಇವರೆಲ್ಲರೂ ಒಂದೇ ಪುಸ್ತಕವನ್ನು ಓದಬಲ್ಲರು. ಇನ್ನು ‘ರೆಕರ್ಡ್’ ಮತ್ತು ‘ರಿಕಾರ್ಡ್’ಗಳನ್ನು ಬೇರೆ ಬೇರೆಯಾಗಿ ಬರೆದರೆ, ಅವು ಒಂದೇ ಪದದ ಎರಡು ಮುಖಗಳೆಂಬ ಸಂಬಂಧವು ಕಣ್ಣಿಗೆ ಮರೆಯಾಗುವುದು. ಕಿವಿಗೆ ಆಗುವ ಲಾಭಕ್ಕೆ ಕಣ್ಣು ಬೆಲೆ ತೆರಬೇಕಾಗುವುದು.

ಆದುದರಿಂದ ಈ ಪದಗಳು ಇಂಗ್ಲಿಷಿನಲ್ಲಿ ಮುಂದೆಯೂ ಇರುವುವೆಂದೇ ತಿಳಿದು ನಾವು ಅವುಗಳೊಡನೆ ಬಾಳಬೇಕು. ಓದುವಾಗ ಸಂದೇಹ ಹುಟ್ಟಿದರೆ ಮೂರು ಪ್ರಶ್ನೆಗಳನ್ನು ಹಾಕಿಕೊಂಡರೆ ಸಾಕು. ಇದು ನಾಮಪದವೋ ಕ್ರಿಯಾಪದವೋ? ಅದರಿಂದ ಒತ್ತೂ ಕೊನೆಯ ಧ್ವನಿಯೂ ಗೊತ್ತಾಗುವುವು. ಇದು ಯಾವ ಕಾಲವನ್ನು ಸೂಚಿಸುವುದು? ಅದರಿಂದ ‘ರೀಡ್’ ಬಗೆಹರಿಯುವುದು. ಸುತ್ತಲಿನ ಪದಗಳು ಯಾವ ವಿಷಯಕ್ಕೆ ಸೇರಿದುವು? ಅದರಿಂದ ಸೀಸವೂ ಮೀನೂ ಹಂದಿಯೂ ತಮ್ಮ ತಮ್ಮ ಹೆಸರುಗಳನ್ನು ಪಡೆಯುವುವು. ಆಮೇಲೂ ತಿಳಿಯದೆ ಉಳಿದ ಪದಕ್ಕೆ ನಿಘಂಟನ್ನು ತೆರೆಯಬೇಕು; ಹಾಗೆ ತೆರೆಯಬೇಕಾಗುವ ಪದಗಳು ಬಹಳವಿರಲಾರವು.